ಕರಾವಳಿಯಲ್ಲೇ ಇಷ್ಟೊಂದು ಬ್ಯಾಂಕ್ ಹುಟ್ಟಿದ್ದು ಯಾಕೆ?

ಓದುಗರ ಪ್ರಶ್ನೆ: ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ. ಐದೂ ಬ್ಯಾಂಕ್ ಮಂಗಳೂರು, ಉಡುಪಿ ಕಡೆಯವೇ. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಹುಟ್ಟಿದ್ದು ಹೇಗೆ? ಅಲ್ಲಿನವರು ಅಷ್ಟು ಶ್ರೀಮಂತರಾಗಿದ್ದರಾ?

ಉತ್ತರ: ಶ್ರೀಮಂತಿಕೆಯ ಮಾತನ್ನು ಮೊದಲು ಬದಿಗಿಡೋಣ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಒಂದು ಬ್ಯಾಂಕ್ ಶುರುವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಬಂಡವಾಳ 5,000 ರೂಪಾಯಿ. ಮೊದಲ ದಿನ ಬಾಗಿಲು ಹಾಕುವ ಹೊತ್ತಿಗೆ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. 1925ರಲ್ಲಿ ಅದೇ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುವಾದಾಗ ಇದ್ದದ್ದು 8,000 ರೂಪಾಯಿ. ಇದು ದೊಡ್ಡ ಸಾಹುಕಾರರ ದುಡ್ಡಿನ ಕಥೆ ಅಲ್ಲ.

ಹಾಗಂತ ಊರಲ್ಲಿ ದುಡ್ಡೇ ಓಡಾಡುತ್ತಿರಲಿಲ್ಲ ಅಂತಲೂ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ, ಘಟ್ಟದ ಕಾಳುಮೆಣಸು ಮಂಗಳೂರು ಬಂದರಿಗೇ ಇಳಿಯುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಹಡಗು ಹತ್ತಿತು. ತೊಂದರೆ ಇದ್ದದ್ದು ಬೇರೆ ಕಡೆ. ಆ ದುಡ್ಡು ವರ್ಷಪೂರ್ತಿ ಬರುತ್ತಿರಲಿಲ್ಲ. ಮಳೆಗಾಲ ಹಿಡಿದರೆ ಹಳೆ ಬಂದರಿಗೆ ಮಂಜಿಗಳು (ಸರಕಿನ ಹಾಯಿದೋಣಿಗಳು) ಬರುವಂತಿಲ್ಲ, ವ್ಯಾಪಾರ ನಿಂತುಬಿಡುತ್ತಿತ್ತು. ಗದ್ದೆಯವರಿಗೆ ಬೆಳೆ ಕೈಗೆ ಬರುವಾಗ ಮಾತ್ರ ಕಾಸು. ಬಿತ್ತನೆಗೆ, ಮದುವೆಗೆ, ಔಷಧಿಗೆ ದುಡ್ಡು ಬೇಕಾದಾಗ ಕೈ ಖಾಲಿ.

ಆಗ ಯಾರ ಹತ್ತಿರ ಹೋಗಬೇಕು? ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಶಾಖೆ ಇತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಆದರೆ ಆ ಬ್ಯಾಂಕ್ ಮುಖ್ಯವಾಗಿ ಇಂಗ್ಲಿಷ್ ಕಂಪನಿಗಳ ವ್ಯವಹಾರ ನೋಡಿಕೊಳ್ಳಲಿಕ್ಕೆ ಇದ್ದದ್ದು. ಗೇಣಿ ಒಕ್ಕಲಿಗೆ, ಮಗ್ಗದವನಿಗೆ, ಸಂತೆಯಲ್ಲಿ ಕೂರುವ ಚಿಕ್ಕ ವ್ಯಾಪಾರಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಇವರಿಗೆ ಉಳಿದದ್ದು ಧನಿಗಳು ಮತ್ತು ಬಡ್ಡಿ ಸಾಹುಕಾರರು. ಚಿನ್ನ ಅಡವಿಡು, ಇಲ್ಲವೇ ಮುಂದಿನ ಬೆಳೆಯನ್ನೇ ಬರೆದುಕೊಡು. ಈ ಬಡ್ಡಿಯ ಹಿಡಿತದಿಂದ ಜನರನ್ನು ಬಿಡಿಸಬೇಕು ಅನ್ನುವ ಮಾತು ಆ ಕಾಲದ ಬ್ಯಾಂಕ್ ಕಟ್ಟಿದವರಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಮ್ನೆ ಹೇಳಿದ ಮಾತಲ್ಲ ಅದು.

ಕಟ್ಟಿದವರು ಯಾರು ಅಂತ ನೋಡಿದರೆ ಇದು ಗೊತ್ತಾಗುತ್ತದೆ. 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದಕ್ಕೂ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲ್ ಕಟ್ಟಿದ್ದರು. ಹೆಣ್ಣುಮಕ್ಕಳಿಗೂ ಶಾಲೆ ತೆರೆದಿದ್ದರು. ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಅದನ್ನು ನೋಡಲು ಅವರೇ ಇರಲಿಲ್ಲ, 1909ರಲ್ಲಿ ತೀರಿಕೊಂಡರು. ಸಿಂಡಿಕೇಟ್ ಕಟ್ಟಿದ ಮೂವರಲ್ಲಿ ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಹೊತ್ತು ಅದು. ಅವರಿಗೆ ದುಡ್ಡು ಒದಗಿಸುವುದೇ ಈ ಮೂವರ ಮೊದಲ ಯೋಚನೆ. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಬಂತು. 1931ರಲ್ಲಿ, ಜಗತ್ತೇ ಆರ್ಥಿಕ ಕುಸಿತದಲ್ಲಿದ್ದಾಗ, ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಎ.ಬಿ. ಶೆಟ್ಟರು ವಿಜಯಾ ಬ್ಯಾಂಕ್ ತೆರೆದರು. ಹೆಸರು ಯಾಕೆ ವಿಜಯಾ ಅಂದರೆ, ವಿಜಯದಶಮಿ ಹೊತ್ತಿಗೆ ಶುರುವಾದದ್ದಕ್ಕೆ.

ಇಲ್ಲಿ ಜಾತಿ, ಸಮುದಾಯದ ಪಾತ್ರ ದೊಡ್ಡದು. ಮುಚ್ಚಿಡುವಂಥದ್ದೇನಲ್ಲ. ಕೊಂಕಣಿಗರು, ಬಂಟರು, ಮುಸ್ಲಿಮರು, ಬ್ರಾಹ್ಮಣರು, ಕ್ಯಾಥೊಲಿಕ್ಕರು, ಎಲ್ಲರಲ್ಲೂ ಒಬ್ಬೊಬ್ಬರು ಮುಂದೆ ಬಂದರು. ಗೊತ್ತಿಲ್ಲದವರ ಕೈಗೆ ಯಾರೂ ದುಡ್ಡು ಕೊಡದ ಕಾಲ. ಪರಿಚಯದ ಮನೆತನ, ಒಂದೇ ದೇವಸ್ಥಾನ, ಒಂದೇ ಇಗರ್ಜಿ, ನಂಬಿಕೆಗೆ ಅದೇ ಜಾಮೀನು. ಒಬ್ಬರು ಮಾಡಿದ್ದನ್ನು ನೋಡಿ ಪಕ್ಕದವರಿಗೂ ‘ನಾವೂ ಯಾಕೆ ಮಾಡಬಾರದು’ ಅನ್ನಿಸಿತು. ಸ್ವದೇಶಿ ಚಳವಳಿಯ ಗಾಳಿಯೂ ಬೀಸುತ್ತಿತ್ತು.

ಆದರೆ ಇವೆಲ್ಲ ಇದ್ದರೂ ಕಾನೂನು ಬಿಡದಿದ್ದರೆ ಏನೂ ಆಗುತ್ತಿರಲಿಲ್ಲ. ಈ ವಿಷಯ ಯಾರೂ ಜಾಸ್ತಿ ಹೇಳುವುದಿಲ್ಲ, ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ಆಗ ಬ್ಯಾಂಕ್ ತೆರೆಯಲು ಇಂತಿಷ್ಟು ಬಂಡವಾಳ ಇರಲೇಬೇಕು ಅಂತ ನಿಯಮ ಇರಲಿಲ್ಲ. ಸಾಮಾನ್ಯ ಕಂಪನಿಯ ಹಾಗೆ ನೋಂದಾಯಿಸಿದರೆ ಆಯಿತು. 1936ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ಬಂದು, ಹೊಸ ಬ್ಯಾಂಕಿಗೆ ಕನಿಷ್ಠ 50,000 ರೂಪಾಯಿ ಬೇಕು ಅಂತಾಯಿತು. ಐದೂ ಬ್ಯಾಂಕಿನ ಹುಟ್ಟಿದ ವರ್ಷ ನೋಡಿ: 1906, 1906, 1924, 1925, 1931. ಎಲ್ಲವೂ ಆ ಬಾಗಿಲು ಮುಚ್ಚುವ ಮೊದಲೇ ಒಳಗೆ ಬಂದವು. 5,000, 8,000 ರೂಪಾಯಿ ಹಿಡಿದು 1936ರ ನಂತರ ಹೋಗಿದ್ದರೆ ಕಾರ್ಪೊರೇಷನ್ನೂ ಇಲ್ಲ, ಸಿಂಡಿಕೇಟೂ ಇಲ್ಲ.

ಆ ಸಡಿಲಿಕೆಯಿಂದ ಜನ ಕಳೆದುಕೊಂಡದ್ದೂ ಇದೆ. 1906ರ ಅಕ್ಟೋಬರಿನಲ್ಲಿ, ಜನರ ಠೇವಣಿ ಇಟ್ಟುಕೊಂಡಿದ್ದ ಮದ್ರಾಸಿನ ಆರ್ಬತ್‌ನಾಟ್ ಕಂಪನಿ ಮುಳುಗಿತು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿತು. ಠೇವಣಿ ಇಟ್ಟವರ ಗೋಳು ಹೇಳತೀರದು. ಹಾಗಾಗಿ ನಿಯಮ ಬಿಗಿಯಾದದ್ದು ತಪ್ಪು ಅನ್ನಲಾರೆ.

ಇನ್ನು ಚಿಕ್ಕ ಬಂಡವಾಳದ ಬ್ಯಾಂಕ್ ಬೆಳೆದದ್ದು ಹೇಗೆ? ಪಿಗ್ಮಿಯನ್ನು, ಅಂದರೆ ದಿನಾ ಚೂರು ಚೂರು ಕಟ್ಟುವ ಉಳಿತಾಯವನ್ನು ನೋಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು ಇದು. ದಿನಕ್ಕೆ ಕನಿಷ್ಠ ಎರಡಾಣೆ. ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕಿನವರೇ ನಿಮ್ಮ ಅಂಗಡಿಗೆ, ಮನೆಗೆ ಬರುತ್ತಾರೆ. ಲೆಕ್ಕ ಹಾಕಿ: ರೂಪಾಯಿಗೆ 16 ಆಣೆ, ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ದಿನದ ಸಂಪಾದನೆಯವರು ಒಂದೇ ಸಲ 45 ರೂಪಾಯಿ ತೆಗೆದಿಡುವುದು ಆಗದ ಮಾತು. ಎರಡಾಣೆ ಆಗುತ್ತದೆ.

ಪಿಗ್ಮಿ ಕಲೆಕ್ಟರ್ ಕೆಲಸವನ್ನು ನೀವೂ ನೋಡಿರುತ್ತೀರಿ. ಮೀನು ಮಾರುವವರು, ಹೂವಿನವರು, ಗೂಡಂಗಡಿಯವರು, ಕ್ಷೌರದಂಗಡಿಯವರು, ಎಲ್ಲರ ಹತ್ತಿರ ವ್ಯಾಪಾರ ಆಗುವ ಹೊತ್ತು ನೋಡಿಕೊಂಡೇ ಬರುತ್ತಾರೆ. ನೋಟು ತೆಗೆದುಕೊಂಡು, ಬರೆದು, ಮುಂದಿನ ಅಂಗಡಿಗೆ ಹೊರಡುತ್ತಾರೆ. ಒಂದು ದಿನ ಕಟ್ಟಲಿಲ್ಲ ಅಂದರೆ ‘ನಾಳೆ ಎರಡೂ ಸೇರಿಸಿ ಕೊಡಿ ಅಕ್ಕ’ ಅನ್ನುತ್ತಾರೆ. ಯಾರು ದಿನಾ ಕಟ್ಟುತ್ತಾರೆ, ಯಾರ ವ್ಯಾಪಾರ ಬಿದ್ದಿದೆ, ಯಾರಿಗೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ, ಎಲ್ಲ ಅವರಿಗೆ ಗೊತ್ತು. ದಾಖಲೆ ಪತ್ರ ಇಲ್ಲದ ಬಡವರಿಗೆ ಪಿಗ್ಮಿ ಪುಸ್ತಕವೇ ದಾಖಲೆ. ಕಮಿಷನ್ ಮೇಲೆ ದುಡಿದ ಈ ಜನರನ್ನು ಕಾರ್ಮಿಕರು ಅಂತ ಒಪ್ಪಿಸಲು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಆ ತೀರ್ಪು ಬಂದದ್ದು 2001ರಲ್ಲಿ. ಬ್ಯಾಂಕ್ ಕಟ್ಟಿದವರ ಹೆಸರು ಹೇಳುವಾಗ ಇವರನ್ನೂ ನೆನೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊರು ಬಿಟ್ಟು ಹೋದವರೂ ಕೈಜೋಡಿಸಿದರು. ಮುಂಬೈ, ಮದ್ರಾಸಿಗೆ ಹೋಗಿ ಹೋಟೆಲ್ ಇಟ್ಟ ಉಡುಪಿ ಕಡೆಯವರಿಗೆ ಊರಿನ ಬ್ಯಾಂಕ್ ಅಲ್ಲೇ ಸಿಕ್ಕರೆ ಅನುಕೂಲ ಅಲ್ವಾ? ಊರ ಭಾಷೆಯಲ್ಲೇ ಮಾತಾಡಬಹುದು, ಮನೆಗೆ ದುಡ್ಡು ಕಳಿಸಬಹುದು.

ಇದೆಲ್ಲ ನಡೆದದ್ದು ಐದು ಬ್ಯಾಂಕುಗಳಲ್ಲಿ ಮಾತ್ರ ಅಲ್ಲ. ಪಾಂಗಾಳ ನಾಯಕ್ ಬ್ಯಾಂಕ್, ಜಯಲಕ್ಷ್ಮಿ ಬ್ಯಾಂಕ್, ಕ್ಯಾಥೊಲಿಕ್ ಬ್ಯಾಂಕ್, ಹೀಗೆ ಇನ್ನೂ ಎಷ್ಟೋ ಇದ್ದವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ ರಿಸರ್ವ್ ಬ್ಯಾಂಕ್ ಸಣ್ಣವನ್ನು ದೊಡ್ಡವುಗಳ ಜೊತೆ ಸೇರಿಸುತ್ತ ಬಂತು. 1969ರಲ್ಲಿ ಕೆನರಾ, ಸಿಂಡಿಕೇಟ್ ರಾಷ್ಟ್ರೀಕರಣವಾದವು, 1980ರಲ್ಲಿ ಕಾರ್ಪೊರೇಷನ್, ವಿಜಯಾ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದ ಜೊತೆ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಆ ಬೋರ್ಡುಗಳು ಇಳಿದಾಗ ಕರಾವಳಿಯ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಬೇಜಾರಾಯಿತು. ಐದರಲ್ಲಿ ಹಳೆ ಹೆಸರಿನಲ್ಲೇ ಉಳಿದದ್ದು ಕೆನರಾ ಮತ್ತು ಖಾಸಗಿಯಾಗೇ ಇರುವ ಕರ್ಣಾಟಕ ಬ್ಯಾಂಕ್.

‘ಈಗ ಯಾಕೆ ಹೊಸದು ಹುಟ್ಟುವುದಿಲ್ಲ’ ಅಂತ ನೀವು ಮುಂದೆ ಕೇಳಬಹುದು. 2016ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದಲ್ಲಿ, ಪೂರ್ಣ ಪ್ರಮಾಣದ ಹೊಸ ಬ್ಯಾಂಕಿಗೆ ಕನಿಷ್ಠ 500 ಕೋಟಿ ರೂಪಾಯಿ ಬಂಡವಾಳ ಕೇಳಿದ್ದಾರೆ. ಒಬ್ಬ ಡಾಕ್ಟರು, ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್ ಸೇರಿ ಕಟ್ಟುವ ಮಾತಲ್ಲ ಅದು. ಅಂಥವರು ಈಗ ಊರಲ್ಲಿ ಸಹಕಾರಿ ಸಂಘ ಕಟ್ಟುತ್ತಾರೆ. ಸಂಜೆ ಅಂಗಡಿಗೆ ಪಿಗ್ಮಿಗೆ ಬರುವವರೂ ಈಗ ಜಾಸ್ತಿ ಆ ಸಂಘಗಳವರೇ.