ಅಂಕಿತನಾಮಕ್ಕೆ ಅಂಟಿಕೊಳ್ಳುವ ಅರ್ಥ: ಕೊಡಗಿನ ಕೆಲವು ಹೆಸರುಗಳು

ಗುರುತಿಗಾಗಿ ಇಟ್ಟ ಹೆಸರು ಅಂಕಿತನಾಮ, ರೂಪ, ಗುಣ, ವೃತ್ತಿಗಳಿಂದ ಬಂದ ಹೆಸರು ಅನ್ವರ್ಥನಾಮ ಎಂದು ವ್ಯಾಕರಣದಲ್ಲಿ ಓದಿದ್ದೇವೆ. ಆದರೆ ಪ್ರಸಿದ್ಧರೊಬ್ಬರು ಹೊತ್ತು ಬಾಳಿದ ಅಂಕಿತನಾಮಕ್ಕೆ ಅವರ ಗುಣವೂ ವೃತ್ತಿಯೂ ಅಂಟಿಕೊಂಡು, ಅದು ಅನ್ವರ್ಥನಾಮದಂತೆಯೇ ಕೇಳಿಸತೊಡಗುತ್ತದೆ. ಸಂಸ್ಕೃತದಲ್ಲಿ ‘ಶಕುನಿ’ ಎಂದರೆ ಹಕ್ಕಿ. ಆ ಅರ್ಥವನ್ನು ನೆನೆದು ಮಗುವಿಗೆ ಹೆಸರಿಡುವವರನ್ನು ನಾನು ಕಂಡಿಲ್ಲ.

‘ತಿಮ್ಮಯ್ಯ’ ಎಂಬುದು ತಿರುಪತಿಯ ತಿಮ್ಮಪ್ಪನನ್ನು ನೆನಪಿಸುವ ಹಳೆಯ ಹೆಸರು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿ, 1965ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ನಾಯಕತ್ವದಲ್ಲಿದ್ದಾಗಲೇ ತೀರಿಕೊಂಡ ಜನರಲ್ ಕೆ.ಎಸ್. ತಿಮ್ಮಯ್ಯನವರಿಂದ ಆ ಹೆಸರಿಗೆ ಸೇನೆಯ ನೆನಪು ಸೇರಿತು. ಆ ನೆನಪು ಎಲ್ಲೆಡೆ ಒಂದೇ ತೂಕದ್ದಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ನಮ್ಮ ತರಗತಿಯಲ್ಲಿ ಇಬ್ಬರು ತಿಮ್ಮಯ್ಯಂದಿರಿದ್ದರು. ಹಾಜರಿ ಕರೆಯುವಾಗ ಮೇಷ್ಟ್ರು ಮನೆತನದ ಹೆಸರನ್ನು ಮೊದಲು ಹೇಳಿ ಅವರನ್ನು ಬೇರ್ಪಡಿಸುತ್ತಿದ್ದರು, ಜನರಲ್ ಯಾರ ನೆನಪಿಗೂ ಬರುತ್ತಿರಲಿಲ್ಲ. ಅವರಲ್ಲೊಬ್ಬ ಪರೀಕ್ಷೆಗೆಂದು ಮೈಸೂರಿಗೆ ಹೋದಾಗ, ಪ್ರವೇಶಪತ್ರ ನೋಡಿದ ಮೇಲ್ವಿಚಾರಕರು ಕೇಳಿದ ಮೊದಲ ಪ್ರಶ್ನೆ, “ಮನೇಲಿ ಯಾರು ಮಿಲಿಟರೀಲಿದ್ದಾರಪ್ಪ?” ಎಂಬುದು. ಅವನ ತಂದೆ ಕಾಫಿ ಬೆಳೆಗಾರರು. ಒಂದು ಹೆಸರಿನ ಹತ್ತಾರು ಮುಖಗಳನ್ನು ದಿನವೂ ಕಾಣುವ ಊರಿನಲ್ಲಿ ಪ್ರಸಿದ್ಧರ ಮುಖ ಅವುಗಳಲ್ಲಿ ಒಂದಷ್ಟೇ. ಆ ಹೆಸರಿನ ಕೊಡಗಿನವರನ್ನು ಹೆಚ್ಚು ಕಾಣದ ಊರಿನಲ್ಲಿ ಅದೊಂದೇ ಮುಖ.

ಅಕ್ಷರದ ಅಲ್ಪ ವ್ಯತ್ಯಾಸವೂ ಸಾಕು. ಬಯಲುಸೀಮೆಯ ‘ಕರಿಯಪ್ಪ’ ಹೊಲಗದ್ದೆಗಳ ಹೆಸರಾಗಿ ಕೇಳಿಸಿದರೆ, ‘ಕಾರ್ಯಪ್ಪ’ ಎಂದೊಡನೆ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು ಕಣ್ಮುಂದೆ ಬರುತ್ತಾರೆ.

ಹೆಣ್ಣುಮಕ್ಕಳ ಹೆಸರುಗಳಲ್ಲಿ ನಾನು ಬಹಳ ಗೌರವದಿಂದ ನೆನೆಯುವುದು ‘ಮುತ್ತಮ್ಮ’. ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಮಹಿಳಾ ಅಧಿಕಾರಿಗಳು ಮಾತ್ರ ಸರ್ಕಾರದ ಅನುಮತಿ ಪಡೆಯಬೇಕೆಂಬಂಥ ನಿಯಮಗಳನ್ನು ಅವರು ಪ್ರಶ್ನಿಸಿದಾಗ, 1979ರಲ್ಲಿ ಸುಪ್ರೀಂ ಕೋರ್ಟ್ ಆ ತಾರತಮ್ಯವನ್ನು ಕಟುವಾಗಿ ಟೀಕಿಸಿತು. ಕಾನೂನು ಓದುವವರಿಗೆ ಇಂದು ‘ಮುತ್ತಮ್ಮ’ ಎಂದರೆ ಆ ಪ್ರಕರಣ. ನಮ್ಮ ಮನೆಗಳಲ್ಲಿ ಮಾತ್ರ ಅದು ಈಗಲೂ ಮೊದಲಿಗೆ ಅಜ್ಜಿಯ ಹೆಸರು.