ಮಾರ್ವಾಡಿ ಮರಿಯ ಅಪ್ಪ ಯಾರು?

ಮಾರ್ವಾಡಿ ಕುದುರೆಯ ಕಿವಿಯನ್ನು ಒಮ್ಮೆ ನೋಡಿದವರು ಮರೆಯೋದಿಲ್ಲ. ಎರಡೂ ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತವೆ. ರಾಜಸ್ಥಾನದಲ್ಲಿ ಮರಿ ಕೊಳ್ಳುವವರು ಕಿವಿ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಆಮೇಲೆ ಅಪ್ಪ ಯಾರು ಅಂತ ಕೇಳುತ್ತಾರೆ. ಹೆಸರು ಮಾಡಿದ ಬೀಜದ ಕುದುರೆಯ ಮರಿ ಅಂದರೆ ಬೆಲೆ ಜಾಸ್ತಿ. ಇಂಥ ವಿಷಯದಲ್ಲಿ ಬಾಯಿಮಾತು ಸಾಲದು, ಅಲ್ವಾ?

ಉತ್ತರ ಬಾಲದ ಕೂದಲಲ್ಲಿದೆ. ಕತ್ತರಿಯಲ್ಲಿ ಕತ್ತರಿಸಿದರೆ ಪ್ರಯೋಜನವಿಲ್ಲ, ಬುಡಸಮೇತ ಕೀಳಬೇಕು. ತುದಿಯಲ್ಲಿ ಬಿಳಿ ಗಂಟಿನ ಹಾಗೆ ಬೇರು ಕಾಣುತ್ತದಲ್ಲ, ಡಿಎನ್‌ಎ ಸಿಗೋದು ಅದರಲ್ಲಿ. ಆ ಡಿಎನ್‌ಎಯ ಕೆಲವು ಜಾಗಗಳಲ್ಲಿ ಎರಡೇ ಅಕ್ಷರ, ಸಿಎ ಸಿಎ ಸಿಎ ಅಂತ, ಮತ್ತೆ ಮತ್ತೆ ಬರುತ್ತವೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಅಂತ ಹೆಸರು. ಎಷ್ಟು ಸಲ ಬರುತ್ತವೆ ಅನ್ನೋದು ಕುದುರೆಯಿಂದ ಕುದುರೆಗೆ ಬೇರೆ. ಪ್ರತಿ ಜಾಗದಲ್ಲೂ ಮರಿಗೆ ಒಂದು ಎಣಿಕೆ ಅಮ್ಮನಿಂದ, ಇನ್ನೊಂದು ಅಪ್ಪನಿಂದ.

ಒಂದು ಜಾಗದಲ್ಲಿ ಮರಿಯ ಎಣಿಕೆ 14 ಮತ್ತು 19 ಅಂದುಕೊಳ್ಳಿ. ಅಮ್ಮನದು 14 ಮತ್ತು 16. ಹಾಗಾದರೆ 19 ಅಪ್ಪನ ಕಡೆಯದು. ಅಪ್ಪ ಅಂತ ತೋರಿಸಿದ ಕುದುರೆಯದು 15 ಮತ್ತು 17 ಇದ್ದರೆ ಅನುಮಾನ ಶುರು. ಒಂದೇ ಜಾಗದ ವ್ಯತ್ಯಾಸಕ್ಕೆ ತೀರ್ಪು ಕೊಡೋದಿಲ್ಲ, ಯಾಕೆಂದರೆ ಅಪರೂಪಕ್ಕೆ ಈ ಎಣಿಕೆ ತಾನಾಗಿಯೇ ಬದಲಾಗುತ್ತದೆ. ಅದಕ್ಕೇ ಹತ್ತು ಹದಿನೈದು ಜಾಗ ಒಟ್ಟಿಗೆ ನೋಡುತ್ತಾರೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆ ಮಾಡುತ್ತದೆ.

ನನಗೆ ಮುಖ್ಯ ಅನ್ನಿಸೋದು ಇದರ ಹಿಂದಿರುವ ಇನ್ನೊಂದು ವಿಷಯ. ಕುದುರೆಗಳ ಎಣಿಕೆಗಳು ಬೇರೆ ಬೇರೆ ಇರೋದರಿಂದಲೇ ಈ ಪರೀಕ್ಷೆ ನಡೆಯುತ್ತದೆ. ಊರಿನ ಗಂಡುಕುದುರೆಗಳೆಲ್ಲ ಒಬ್ಬನೇ ಅಪ್ಪನ ಮಕ್ಕಳಾದರೆ ಯಾರನ್ನು ಬಿಡೋದು, ಯಾರನ್ನು ಹಿಡಿಯೋದು? ವೈವಿಧ್ಯ ಕಡಿಮೆಯಾದಷ್ಟೂ ಪರೀಕ್ಷೆಯೂ ಮಂಕಾಗುತ್ತದೆ.

ರಾಜರ ಲಾಯಗಳು ಖಾಲಿಯಾದ ಮೇಲೆ ಮಾರ್ವಾಡಿ ತಳಿ ತುಂಬಾ ಸೊರಗಿತ್ತು. ಹಾಗಾಗಿ ವೈವಿಧ್ಯವೂ ಕರಗಿರಬಹುದು ಅನ್ನೋ ಭಯ ಸಹಜವೇ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ 48 ಮಾರ್ವಾಡಿ ಕುದುರೆಗಳ ಡಿಎನ್‌ಎಯನ್ನು ಇಂಥ 26 ಮೈಕ್ರೋಸ್ಯಾಟಲೈಟ್ ಜಾಗಗಳಲ್ಲಿ ನೋಡಿದರು. ಜಾಗವೊಂದಕ್ಕೆ ಸರಾಸರಿ ಸುಮಾರು 6 ಬೇರೆ ಬೇರೆ ಎಣಿಕೆ ಸಿಕ್ಕವು. ತಳಿ ಇತ್ತೀಚೆಗೆ ಬೆರಳೆಣಿಕೆಗೆ ಇಳಿದು ಮತ್ತೆ ಬೆಳೆದ ಗುರುತೂ ಕಾಣಲಿಲ್ಲ. ಓದಿ ಖುಷಿಯಾಯಿತು.

ಆದರೆ ಸುಮ್ನೆ ಕೂರುವ ಹಾಗಿಲ್ಲ. ರೇಸಿನ ಥರೋಬ್ರೆಡ್ ಕುದುರೆಗಳನ್ನೇ ನೋಡಿ. ಅವುಗಳ ಗಂಡುಗಳಲ್ಲಿ ಸುಮಾರು 95% ಅಪ್ಪ, ಅಪ್ಪನ ಅಪ್ಪ ಅಂತ ಹಿಂದಕ್ಕೆ ಹೋದರೆ ಡಾರ್ಲಿ ಅರೇಬಿಯನ್ ಅನ್ನೋ ಒಂದೇ ಕುದುರೆಗೆ ಹೋಗಿ ನಿಲ್ಲುತ್ತವೆ. ಜಾತ್ರೆಯಲ್ಲಿ ಗೆದ್ದ ಒಂದೇ ಗಂಡಿಗೆ ಎಲ್ಲರೂ ಸಾಲು ನಿಂತರೆ ಆಗೋದು ಹೀಗೇ. ಹತ್ತಿರದ ರಕ್ತ ಕೂಡಿದಾಗ, ಎರಡೂ ಕಡೆ ಅಡಗಿರುವ ಕಾಯಿಲೆಯ ಜೀನ್ ಒಂದೇ ಮರಿಯಲ್ಲಿ ಸೇರುವ ಸಾಧ್ಯತೆ ಹೆಚ್ಚುತ್ತದೆ.

ಹೆಣ್ಣುಕುದುರೆಗೆ ಹನ್ನೊಂದು ತಿಂಗಳ ಬಸಿರು, ಬರೋದು ಒಂದೇ ಮರಿ. ಗಂಡಿನ ಹತ್ತಿರ ಕರೆದೊಯ್ಯುವ ಮೊದಲು ಸಾಕಿದವರು ವಂಶದ ದಾಖಲೆ ತೆಗೆದು, ಇಬ್ಬರಿಗೂ ಅಜ್ಜ ಒಬ್ಬನೇನಾ ಅಂತ ನೋಡಲಿ. ಹೌದಾದರೆ, ಆ ಗಂಡಿನ ಕಿವಿ ಎಷ್ಟೇ ಚೆಂದ ಕೂಡಿದರೂ ಮುಂದಿನ ಊರಿಗೆ ನಡೆಯಲಿ.