ಮಧುಮೇಹದ ನಾಯಿಗೆ ಥೈರಾಯ್ಡ್ ಮಾತ್ರೆ: ಯಾಕೆ ಅವಸರ ಬೇಡ

ಹಾಸನದ ಮನೆಯೊಂದರ ಲ್ಯಾಬ್ರಡಾರ್‌ಗೆ ಮಧುಮೇಹ ಅಂತ ಗೊತ್ತಾಯಿತು ಎನ್ನಿ. ರಕ್ತಪರೀಕ್ಷೆಯ ಚೀಟಿಯಲ್ಲಿ ಗ್ಲೂಕೋಸ್ 420, ಜೊತೆಗೆ ಥೈರಾಯ್ಡ್ ಹಾರ್ಮೋನ್ ಆದ ಟಿ4 ಕೂಡ ಕಡಿಮೆ. ‘ಥೈರಾಯ್ಡ್ ಮಾತ್ರೆಯನ್ನೂ ಇವತ್ತೇ ಶುರು ಮಾಡೋಣವಾ ಡಾಕ್ಟ್ರೇ?’ ಎಂದು ಮನೆಯವರು ಕೇಳುವುದು ಸಹಜ. ಬೇಡ. ಥೈರಾಯ್ಡ್ ಗ್ರಂಥಿ ಚೆನ್ನಾಗಿದ್ದರೂ ಇನ್ಸುಲಿನ್ ಕೊರತೆಯಿಂದಲೇ ಟಿ4 ಇಳಿದಿರಬಹುದು.

ಇದು ತಿಳಿಯಲು ಬಹಳ ಕಾಲ ಹಿಡಿಯಿತು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಮಧುಮೇಹ ಬಂತು. 1914ರಲ್ಲಿ ಕೆಂಡಾಲ್ ಟಿ4 ಬೇರ್ಪಡಿಸಿದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಕೊಂಡರು. ಆದರೆ ಎರಡನ್ನೂ ಬೆಸೆಯುವ ಕೊಂಡಿ 1952ರಲ್ಲಿ ಪತ್ತೆಯಾದ ಟಿ3. ಥೈರಾಯ್ಡ್ ಗ್ರಂಥಿ ಹೆಚ್ಚಾಗಿ ಸುರಿಸುವುದು ಟಿ4ನ್ನು. ಯಕೃತ್ತು, ಮೂತ್ರಪಿಂಡಗಳಲ್ಲಿ ಅದರ ಒಂದು ಅಯೋಡಿನ್ ಪರಮಾಣು ಕಳಚಿದರೆ ನಿಜವಾಗಿ ಕೆಲಸ ಮಾಡುವ ಟಿ3 ಆಗುತ್ತದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುವ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಕೊಟ್ಟು ಮಧುಮೇಹ ಬರಿಸಿದ ಇಲಿಗಳಲ್ಲಿ ಈ ಕಳಚುವಿಕೆ ನಿಧಾನವಾಯಿತು, ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಮೆದುಳಿನ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್ ಟಿಎಸ್‌ಎಚ್ ಕೂಡ ಕುಸಿಯಿತು. ಇನ್ಸುಲಿನ್ ಕೊಟ್ಟಾಗ ಚೇತರಿಕೆ ಕಂಡಿತು.

ಥೈರಾಯ್ಡ್ ಗ್ರಂಥಿಯ ಕೋಶಗಳಿಗೂ ಇನ್ಸುಲಿನ್ ಬೇಕು. ಎಫ್‌ಆರ್‌ಟಿಎಲ್-5 ಎಂಬ ಇಲಿ ಥೈರಾಯ್ಡ್ ಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ಟಿಎಸ್‌ಎಚ್ ಜೊತೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇನ್ಸುಲಿನ್ ಹಾಕುತ್ತಾರೆ. ಇದು ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅಷ್ಟು ಪ್ರಮಾಣದಲ್ಲಿ ಅದು ಇನ್ಸುಲಿನ್ನನ್ನೇ ಹೋಲುವ, ಬೆಳವಣಿಗೆಗೆ ನೆರವಾಗುವ ಐಜಿಎಫ್-1 ಎಂಬ ಹಾರ್ಮೋನಿನ ಗ್ರಾಹಕವನ್ನೂ ತಟ್ಟುತ್ತದೆ. ಹಾಗಾಗಿ ಆ ಫಲಿತಾಂಶವನ್ನು ನೇರವಾಗಿ ನಾಯಿಗೆ ಅನ್ವಯಿಸಬಾರದು.

ಹೈನು ಹಸುವಿನಲ್ಲೂ ಇದರ ಛಾಯೆ ಇದೆ: ಕರು ಹಾಕಿದ ಮೊದಲ ವಾರಗಳಲ್ಲಿ ತಿಂದದ್ದು ಹಾಲಿಗೆ ಸಾಲದೆ ಇನ್ಸುಲಿನ್, ಟಿ4, ಟಿ3 ಮೂರೂ ಇಳಿಯುತ್ತವೆ. ಅಲ್ಲಿ ಬೇಕಿರುವುದು ಶಕ್ತಿ ತುಂಬುವ ಮೇವು.

ನಾಯಿಗೆ ಮೊದಲು ಇನ್ಸುಲಿನ್. ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.25ರಿಂದ 0.5 ಯೂನಿಟ್, 12 ಗಂಟೆಗೊಮ್ಮೆ, ಊಟದ ಜೊತೆ. ಬಾಟಲಿ ಮೇಲೆ 40 (ಮಿಲಿಲೀಟರಿಗೆ 40 ಯೂನಿಟ್) ಎಂದಿದ್ದರೆ ಸಿರಿಂಜೂ 40ರದ್ದೇ ಇರಬೇಕು. 100ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಶೇ 40ರಷ್ಟೇ ಮದ್ದು ಹೋಗುತ್ತದೆ, ‘ಇನ್ಸುಲಿನ್ ಹಿಡೀತಿಲ್ಲ’ ಎಂಬ ದೂರು ಹುಟ್ಟುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರಗಳಾದ ಮೇಲೆ ಟಿ4, ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4), ಟಿಎಸ್‌ಎಚ್ ಒಟ್ಟಿಗೆ ನೋಡಬೇಕು. ಟಿ4 ಇನ್ನೂ ಕಡಿಮೆಯಿದ್ದು ಟಿಎಸ್‌ಎಚ್ ಏರಿದ್ದರೆ ಗ್ರಂಥಿಯಲ್ಲೇ ತೊಂದರೆ.

ಆಗ ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಶುರು ಮಾಡಿ, ಆದರೆ ಗ್ಲೂಕೋಸ್ ಮೇಲೆ ಕಣ್ಣಿಡಿ. ಥೈರಾಯ್ಡ್ ಕೊರತೆ ಇನ್ಸುಲಿನ್‌ಗೆ ಅಡ್ಡ ಬರುತ್ತಿತ್ತು. ಮಾತ್ರೆ ಹತ್ತಿದಂತೆ ಇನ್ಸುಲಿನ್‌ನ ಅದೇ ಡೋಸ್ ಅತಿಯಾಗಿ ಸಕ್ಕರೆ ತೀರಾ ಇಳಿಯಬಹುದು. ನಾಯಿ ತೂರಾಡಿದರೆ, ನಡುಗಿದರೆ ಒಸಡಿಗೆ ಜೇನು ಸವರಿ ತಕ್ಷಣ ಪಶುವೈದ್ಯರ ಬಳಿ ಕರೆದೊಯ್ಯಬೇಕು.